ನನ್ನ ತಲೆಗಾಗಿ ಖಾರ ಬಿಟ್ಟವಳು

ಜನವರಿ 8, ಬುಧವಾರ

ನನ್ನ ತಲೆಯೊಳಗೆ ಏನೂ ಇಲ್ಲವೆಂದು ಹುಬ್ಬಳ್ಳಿಯ ಡಾಕ್ಟರು ಇವತ್ತು ಫಿಲ್ಮು ತೋರಿಸಿ ಖಚಿತಪಡಿಸಿದರು. ಹೈಸ್ಕೂಲಿನ ಗಣಿತದ ಮಾಸ್ತರರು ಇದೇ ಮಾತನ್ನು ಯಾವ ಸ್ಕ್ಯಾನೂ ಇಲ್ಲದೆ ಹೇಳಿದ್ದರು.

ಶ್ರಾವಣದಲ್ಲಿ ನನ್ನ ಎಡಗಿವಿಯ ಹಿಂದೆ ಬುರುಡೆ ಕೊರೆದು, ಕೇಳುವ ನರಕ್ಕೆ ಅಂಟಿಕೊಂಡಿದ್ದ ಗಡ್ಡೆಯನ್ನು ತೆಗೆದರು. ಕ್ಯಾನ್ಸರ್ ಅಲ್ಲದ, ಸಭ್ಯ ಗಡ್ಡೆ. "ಗಡ್ಡಿ ಚಲೋ ಇತ್ರಿ, ಏನೂ ತಂಟೆ ಇದ್ದಿಲ್ಲ" ಎಂದು ಅಪ್ಪ ಬಂದವರಿಗೆಲ್ಲ ಬೀಗರ ಬಗ್ಗೆ ಹೇಳುವಂತೆ ಹೇಳುತ್ತಾನೆ. ಹೋಗುವಾಗ ಅದು ಎಡಗಿವಿಯ ಕೇಳುವ ಶಕ್ತಿಯನ್ನು ತನ್ನೊಂದಿಗೆ ಒಯ್ದು, ಬದಲಿಗೆ ಈ ತಲೆನೋವನ್ನು ಬಿಟ್ಟುಹೋಯಿತು. ಕುತ್ತಿಗೆಯ ಬುಡದಲ್ಲಿ ಹುಟ್ಟಿ, ಗಾಯದ ಗೆರೆ ಹತ್ತಿ, ಎಡಗಣ್ಣಿನ ಮೇಲೆ ಬಂದು ಕೂರುತ್ತದೆ.

"ಎಲ್ಲಾ ಕ್ಲೀನ್ ಐತಿ ಅಂತೀರಿ. ಮತ್ಯಾಕ ನೋಯಾಕತ್ತೈತ್ರಿ?" ಎಂದ ಅಪ್ಪ. ಗಿರಾಕಿ ಮಾಲು ಒಪ್ಪದಿದ್ದಾಗ ಅವನ ದನಿ ಹೀಗೇ ಇರುತ್ತದೆ.

"ನೋವು ಖರೇನ ಐತ್ರಿ ಸೋಮಣ್ಣಾರ. ಆದ್ರ ಅದು ಬರೇ ಗಾಯದಾಗಿಲ್ಲ. ಕುತ್ತಿಗಿ ಬಿಗಿ ಹಿಡಕೊಂಡೈತಿ, ನಿದ್ದಿ ಇಲ್ಲ, ಮನಸ್ಸಿನ್ಯಾಗ ಅಂಜಿಕಿ ಕುಂತೈತಿ. ಎಲ್ಲಾ ಕೂಡಿ ನೋವನ್ನ ಬಿಡವಲ್ವು. ಬರೇ ಗುಳಿಗಿ ಸಾಲೂದಿಲ್ಲ. ಹಾವೇರಿಯೊಳಗ ಬೇನಜೀರ ಅಂತ ಅದಾರ, ಆಪ್ತಸಮಾಲೋಚಕರು. ಅವರ ಕೂಡ ಮಾತಾಡಾಕ ಹೋಗ್ರಿ."

ಮಾತಾಡಲು. ನಾನು. ಎಂ.ಎ. ಓದುವಾಗ ಧಾರವಾಡದ ತರಗತಿಯಲ್ಲಿ ಎರಡು ವರ್ಷ ಹಾಜರಿ ಹೇಳಿದ್ದೇ ನನ್ನ ಭಾಷಣ.

ಬ್ಯಾಡಗಿಯ ಮನೆಯ ಕಟ್ಟೆಯ ಮೇಲೆ ಅವ್ವ ಕಾಯುತ್ತ ಕುಳಿತಿದ್ದಳು. ಅಪ್ಪ ವರದಿ ಒಪ್ಪಿಸಿದ.

"ಅಂದ್ರ ಹುಚ್ಚ ಐತಿ ಅಂದನೇನ್ರಿ ಅವಾ?" ಎಂದಳು ಅವ್ವ.

ತಲೆಯಲ್ಲಿ ಗಡ್ಡೆ ಇದೆ ಎಂದಾಗಲೂ ಅವಳು ಇಷ್ಟು ಗಾಬರಿಯಾಗಿರಲಿಲ್ಲ.

ಜನವರಿ 9, ಗುರುವಾರ

ಮಾರ್ಕೆಟ್ಟಿನ ದಿನ. ಮೆಣಸಿನಕಾಯಿ ಲಾರಿಗಳ ಹಿಂದೆ ಇಡೀ ಊರು ಕೆಮ್ಮುತ್ತದೆ. ನಮ್ಮ ಮನೆ ಮಾತ್ರ ಶಾಂತ. ಟಿ.ವಿ. ಮೇಲೆ ಟವೆಲ್ಲು ಹೊದಿಸಿದ್ದಾರೆ, ಮಿಕ್ಸಿಯನ್ನು ಅಟ್ಟಕ್ಕೆ ಹಾಕಿದ್ದಾರೆ.

ಇಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ನಮ್ಮ ಮನೆಯಲ್ಲಿ ಎಲ್ಲರೂ ನನ್ನ ತಲೆಗಾಗಿ ಒಂದೊಂದನ್ನು ಬಿಟ್ಟಿದ್ದಾರೆ. ಶುರು ಮಾಡಿದವಳು ಅವ್ವ. ದೀಪಾವಳಿಯ ಮುಂದೆ ಕದರಮಂಡಲಗಿಯ ಗುಡಿಯಲ್ಲಿ ಕಾಂತೇಶನ ಎದುರು ನಿಂತು, ಮಗಳ ತಲೆನೋವು ಪೂರಾ ಹೋಗುವ ತನಕ ಖಾರ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತಳು. ಪೂರಾ ಎಂಬ ಆ ಮಾತನ್ನು ಅವಳು ಹೇಳದಿದ್ದರೆ ಕಾಂತೇಶನಿಗೂ ನನಗೂ ಎಷ್ಟೋ ಅನುಕೂಲವಾಗುತ್ತಿತ್ತು.

ಅವ್ವ ಖಾರ ಬಿಡುವುದೆಂದರೆ ಬೇರೆಯವರು ಖಾರ ಬಿಟ್ಟಂತಲ್ಲ. ಅಪ್ಪನದು ದಲಾಲಿ ಅಂಗಡಿ. ಮಾಲಿನ ಬಗ್ಗೆ ಅನುಮಾನ ಬಂದರೆ ಒಂದು ಹಿಡಿ ಮೆಣಸಿನಕಾಯಿ ಮನೆಗೆ ಬರುತ್ತದೆ. ಅವ್ವ ಒಂದನ್ನು ಮುರಿದು, ಬೀಜ ಕೊಡವಿ, ಸಿಪ್ಪೆಯನ್ನು ನಾಲಗೆಯ ತುದಿಗೆ ಇಟ್ಟುಕೊಂಡು, ಈ ವರ್ಷದ್ದೋ ಕೋಲ್ಡ್ ಸ್ಟೋರೇಜಿನಿಂದ ಎದ್ದು ಬಂದದ್ದೋ ಹೇಳುತ್ತಾಳೆ. ಚಟ್ನಿ ಇಲ್ಲದೆ ರೊಟ್ಟಿ ಮುರಿದವಳೇ ಅಲ್ಲ. ಈಗ ಮೊಸರನ್ನ ಉಣ್ಣುತ್ತಾಳೆ. ಒಂದೊಂದೇ ತುತ್ತು, ನನ್ನ ಮುಖ ನೋಡುತ್ತ.

ಅವಳನ್ನು ನೋಡಿ ಅಪ್ಪ ನಾಚಿಕೆಗೆ ಬಿದ್ದು ಎಲೆ ಅಡಿಕೆ ಬಿಟ್ಟ. ಕರ್ಜಗಿಯ ಜಯವ್ವ ಅತ್ತೆ ಚಹಾಕ್ಕೆ ಸಕ್ಕರೆ ಬಿಟ್ಟಳು, ಬೆಲ್ಲ ಹಾಕಿಕೊಂಡು ಎರಡು ಕಪ್ಪು ಕುಡಿಯುತ್ತಾಳೆ. ತಮ್ಮ ಶಂಭುಲಿಂಗ ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ಅವನೂ ಕಣ್ಣು ಮುಚ್ಚಿ, ಕೈ ಮುಗಿದು ಹಾಗಲಕಾಯಿ ಬಿಟ್ಟ. ಹುಟ್ಟಿದಾಗಿನಿಂದ ಅವನು ಹಾಗಲಕಾಯಿ ತಿಂದದ್ದನ್ನು ಯಾರೂ ನೋಡಿಲ್ಲ.

ಬೆಳಿಗ್ಗೆ ಎದ್ದರೆ ಇಷ್ಟೂ ಜನ ಒಂದೇ ಪ್ರಶ್ನೆ ಕೇಳುತ್ತಾರೆ. "ಹೆಂಗೈತಿ ತಲಿ?"

"ಐತಿ" ಎನ್ನುತ್ತೇನೆ.

ಅಪ್ಪ ಖಾಲಿ ಬಾಯಿ ಆಡಿಸುತ್ತ ಅಂಗಡಿಗೆ ಹೋಗುತ್ತಾನೆ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ. ಅಡುಗೆ ಮಾಡಿದವಳು ರುಚಿ ನೋಡುವ ಹಾಗಿಲ್ಲವಾದ್ದರಿಂದ ಎಣ್ಣೆಗಾಯಿ ಆಸ್ಪತ್ರೆಯ ಊಟದಂತಿತ್ತು. ಎಲ್ಲರೂ ಹೊಗಳಿದರು.

ಜಯವ್ವ ಅತ್ತೆ ಬಂದಿದ್ದಳು. ಅಪ್ಪನ ಅಕ್ಕ. ರೋಗಿಯನ್ನು ಮಾತಾಡಿಸಲು ಬಂದಾಗಲೆಲ್ಲ ಒಂದು ಪುಡಿಕೆ ಬ್ರೆಡ್ಡನ್ನೂ, ಅದೇ ಕಾಯಿಲೆಯಲ್ಲಿ ಸತ್ತವರ ಒಂದು ಕಥೆಯನ್ನೂ ತರುತ್ತಾಳೆ.

"ನಮ್ಮೂರಾಗ ಒಬ್ಬಾಕಿ ಇದ್ದಳವ್ವಾ. ಹಿಂಗ ತಲಿ ಆಪರೇಶನ್ನು. ಎಲ್ಲಾ ಆರಾಮ ಆದ್ಲು. ಒಂದಿನಾ ರೊಟ್ಟಿ ಬಡಿಯಾಕತ್ತಾಕಿ ಹಂಗ..."

"ಅಕ್ಕಾ, ಹೋಳಿಗಿ ತಗೋ" ಎಂದ ಅಪ್ಪ.

ಅತ್ತೆಯನ್ನು ನನ್ನ ಎಡಗಡೆಗೆ ಕೂರಿಸಿಕೊಂಡೆ. ಆಪರೇಶನ್ನಿನಿಂದ ಆದ ಲಾಭ ಇದೊಂದೇ. ಅವಳ ಬಾಯಿ ಆಡುವುದು ಕಂಡಿತು, ಮುಂದಿನ ಸಾವು ಕೇಳಲಿಲ್ಲ. ಅವ್ವ ಎದುರಿಗೆ ಕುಳಿತು ಹಬ್ಬದ ದಿನವೂ ಮೊಸರನ್ನ ಕಲೆಸಿದಳು. ಬಳೆ ಮೊಣಕೈವರೆಗೆ ಜಾರುತ್ತಿದ್ದವು. ನನ್ನ ಎಡಗಣ್ಣಿನ ಮೇಲೆ ನೋವು ಹತ್ತಿ ಕೂತಿತು. ಹೋಳಿಗೆಯ ಎಣ್ಣೆ ಒಗ್ಗಲಿಲ್ಲವೇನೋ.

ಜನವರಿ 24, ಶುಕ್ರವಾರ

ನೋವು. ಬರೆಯಲು ಬೇರೇನಿಲ್ಲ. ಗಡ್ಡೆ ಮತ್ತೆ ಬಂದಿದೆಯೇ ಎಂದು ಬೆರಳು ಗಾಯದ ಮೇಲೆ ಓಡಾಡುತ್ತಲೇ ಇರುತ್ತದೆ. ಪುಸ್ತಕ ಹಿಡಿದರೆ ಎರಡು ಪುಟ.

ಫೆಬ್ರವರಿ 3, ಸೋಮವಾರ

ಹಾವೇರಿಗೆ ಹೋಗಿ ಬಂದೆವು. ಅವ್ವ ಜೊತೆಗೆ. ಬಸ್ಸಿನಲ್ಲಿ ಪರಿಚಯದವರು ಸಿಕ್ಕು ಎಲ್ಲಿಗೆ ಎಂದರೆ "ಕೋರ್ಟಿನ ಕೆಲಸ ಐತಿ" ಎಂದಳು. ಮಗಳು ಸಮಾಲೋಚಕರ ಹತ್ತಿರ ಹೋಗುವುದಕ್ಕಿಂತ ಮನೆತನದ ಮೇಲೆ ಖಟ್ಲೆ ಇರುವುದು ಮೇಲು.

ಬೇನಜೀರ ಮೇಡಂ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಪ್ರಶ್ನೆ ನನಗೆ ಕೇಳಿದರು, ಉತ್ತರ ಅವ್ವ ಹೇಳಿದಳು.

"ನೋವು ಯಾವಾಗ ಹೆಚ್ಚಾಗ್ತೈತ್ರಿ ಶೈಲಾ?"

"ಮಧ್ಯಾಹ್ನ ಉಣ್ಣೂ ಹೊತ್ತಿಗೆ, ಮತ್ತ ಸಂಜೀ ಮುಂದ ಉಣ್ಣೂ ಹೊತ್ತಿಗೆ" ಎಂದಳು ಅವ್ವ.

"ಉಣ್ಣೂ ಹೊತ್ತಿಗೆ ಮನ್ಯಾಗ ಏನಾಗ್ತೈತ್ರಿ?"

"ಉಣ್ಣೂದ ಆಗ್ತೈತ್ರಿ ಮೇಡಮ್ಮಾರ."

ಮೇಡಂ ನಗಲಿಲ್ಲ. ಏನೋ ಬರೆದುಕೊಂಡರು. ಕುತ್ತಿಗೆಯನ್ನು ಸಡಿಲಿಸುವ ವ್ಯಾಯಾಮ ಕಲಿಸಿದರು, ಗಾಯ ಮುಟ್ಟಿ ನೋಡುವುದನ್ನು ಕಡಿಮೆ ಮಾಡಿ ಎಂದರು, ನೋವಿಗೆ ಹತ್ತಕ್ಕೆ ಎಷ್ಟು ಎಂದು ದಿನವೂ ಗುರುತು ಹಾಕಲು ಹೇಳಿದರು. ಮನೆಗೆ ಬಂದು ಏಳು ಎಂದು ಗುರುತು ಹಾಕಿದೆ.

"ಯಕ್ಕಾ, ಎಂ.ಎ.ದಾಗೂ ನಿನಗ ಇಷ್ಟ ಮಾರ್ಕು ಬಿದ್ದಿದ್ದಿಲ್ಲ" ಎಂದ ಶಂಭು.

ರಾಣೆಬೆನ್ನೂರಿನಲ್ಲಿ ಒಂದು ಕಾಲೇಜಿನ ಕನ್ನಡದ ಮೇಡಂ ಹೆರಿಗೆ ರಜೆ ಹಾಕುತ್ತಾರಂತೆ, ಪರೀಕ್ಷೆಯ ತನಕ ಯಾರಾದರೂ ಬೇಕಂತೆ ಎಂದೂ ಹೇಳಿದ. ಆ ಕಾಲೇಜಿನ ಹುಡುಗರು ಏನು ಪಾಪ ಮಾಡಿದ್ದಾರೆ ಎಂದೆ. ಮನಸ್ಸಿನಲ್ಲೇ ಅಂದೆ.

ಫೆಬ್ರವರಿ 18, ಮಂಗಳವಾರ

ಹಾವೇರಿಗೆ ನಾನೊಬ್ಬಳೇ ಹೋದೆ. ಅವ್ವನಿಗೆ ತಲೆ ತಿರುಗುತ್ತಿತ್ತು. ಬರೇ ಮೊಸರನ್ನ, ಅದೂ ಅರ್ಧ. ಈಗ ನಮ್ಮ ಮನೆಯಲ್ಲಿ ಎರಡು ತಲೆಗಳ ಸಮಸ್ಯೆ.

ಕಂಡಕ್ಟರ್ ಎಡಗಡೆ ನಿಂತು ಏನೋ ಕೇಳಿದ. ಬಲಗಡೆ ಬನ್ನಿ ಎಂದೆ. ಅವನು ನನ್ನನ್ನು ಶಕುನ ನಂಬುವವಳೆಂದುಕೊಂಡಿರಬೇಕು, ಆದರೂ ಬಂದ.

ಮೇಡಂಗೆ ಹರಕೆಯ ವಿಷಯ ಹೇಳಿದೆ. ಇಷ್ಟು ದಿನ ಹೇಳಿರಲಿಲ್ಲ. ತಲೆನೋವಿಗೂ ಮೊಸರನ್ನಕ್ಕೂ ಏನು ಸಂಬಂಧ? ಹಾಗಲಕಾಯಿಯ ಭಾಗಕ್ಕೆ ಬಂದಾಗ ಅವರು ಕರವಸ್ತ್ರ ಬಾಯಿಗೆ ಇಟ್ಟುಕೊಂಡರು. ಆಮೇಲೆ ಕೇಳಿದರು.

"ನೋವು ಪೂರಾ ಹೋಗಲಿಲ್ಲಂದ್ರ ಏನಾಗ್ತೈತ್ರಿ?"

"ಅವ್ವ ಖಾರ ತಿನ್ನಂಗಿಲ್ಲ."

"ನಿಮಗ ಏನಾಗ್ತೈತಿ ಅಂತ ಕೇಳಿದೆ."

ನನ್ನ ಬೆರಳು ಗಾಯದ ಮೇಲೆ ಹೋಯಿತು. ಈ ಆಪರೇಶನ್ ಆದವರಲ್ಲಿ ಕೆಲವರಿಗೆ ನೋವು ವರ್ಷಗಟ್ಟಲೆ ಉಳಿಯುತ್ತದೆ, ಇನ್ನು ಕೆಲವರಿಗೆ ಕಡಿಮೆಯಾಗಿ ಒಂದು ಕಡೆ ಬಿದ್ದಿರುತ್ತದೆ ಎಂದರು. "ಇವತ್ತ ಹೋತೇನು, ಇವತ್ತ ಹೋತೇನು ಅಂತ ದಿನಾ ಬಾಗಲಾ ಕಾಯ್ಕೊಂತ ಕುಂತ್ರ ಅದು ಹೋಗೂದಿಲ್ರಿ. ಅದು ಇದ್ದಾಂಗ ಇರಲಿ, ನೀವು ಹೊರಗ ಹೋಗೂದನ್ನ ಕಲೀಬೇಕು."

ಬಹಳ ಚೆನ್ನಾಗಿದೆ. ಇದನ್ನು ಕಾಂತೇಶನಿಗೆ ಯಾರು ಹೇಳುವವರು?

ಫೆಬ್ರವರಿ 20, ಗುರುವಾರ

ಅಂಗಡಿಯಿಂದ ಒಂದು ಹಿಡಿ ಮಾಲು ಬಂತು. ಖರೀದಿಗೆ ಬಂದವನು ಹಳೆಯದು ಎನ್ನುತ್ತಿದ್ದಾನಂತೆ, ಬೆಳೆದವನು ಹೊಸದು ಎನ್ನುತ್ತಿದ್ದಾನಂತೆ. ಅಪ್ಪನೇ ತಂದಿದ್ದ.

ಅವ್ವ ಮೆಣಸಿನಕಾಯಿ ಮುರಿದಳು. ಬೀಜ ಕೊಡವಿದಳು. ಸಿಪ್ಪೆ ತುಟಿಯವರೆಗೆ ಹೋಗಿ ನಿಂತಿತು. ಮೂಸಿದಳು, ಬೆಳಕಿಗೆ ಹಿಡಿದಳು, ಮತ್ತೆ ಮೂಸಿದಳು.

"ಒಂದೀಟ ನಾಲಿಗಿಗೆ ಹಚ್ಚಿ ಉಗುಳ. ಯಾವ ದೇವ್ರು ನೋಡ್ತಾನ?" ಎಂದ ಅಪ್ಪ.

"ಹಚ್ಚಿದ ಮ್ಯಾಲ ಗಡ್ಡಿ ತಿರುಗಿ ಬಂದ್ರ? ನೀವು ಹುಬ್ಬಳ್ಳಿಯೊಳಗ ಆಪರೇಶನ್ ಕೋಣಿ ಹೊರಗಿನ ಬಾಕಿನ ಮ್ಯಾಲ ಕುಂದ್ರತೀರಿ. ನನಗ ಕುಂದ್ರಾಕ ಆಗೂದಿಲ್ಲ."

ಅಪ್ಪ ಹಿಡಿ ಮೆಣಸಿನಕಾಯಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಹೋದ. ನಾನು ಒಳಕೋಣೆಯಲ್ಲಿದ್ದೆ. ನನ್ನ ಒಳ್ಳೆಯ ಕಿವಿ ಬಾಗಿಲ ಕಡೆಗಿತ್ತು.

ಸಂಜೆ ತನಕ ನೋವು. ಎಂಟು.

ಮಾರ್ಚ್ 2, ಭಾನುವಾರ

ಬೆಳಿಗ್ಗೆ ಅವ್ವ ಕೇಳಿದಳು. "ಹೆಂಗೈತಿ ತಲಿ?"

"ಹೋತು" ಎಂದೆ.

"ಏನು?"

"ನೋವು. ಪೂರಾ ಹೋತು ಬೇ."

ಎಷ್ಟು ಸುಲಭ. ಹುಬ್ಬಳ್ಳಿಯ ತಜ್ಞರು ಇಷ್ಟು ತಿಂಗಳಿಂದ ಮಾಡಲಾಗದ್ದನ್ನು ನಾನು ಹಲ್ಲುಜ್ಜುತ್ತ ಮಾಡಿದೆ. ಅವ್ವ ದೇವರ ಜಗುಲಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಅಪ್ಪ ಪಾನಪಟ್ಟಿ ಅಂಗಡಿಯ ಕಡೆ ಚಪ್ಪಲಿ ಹಾಕಿಕೊಳ್ಳದೆ ಹೊರಟಿದ್ದ. ಅವ್ವ ತಡೆದಳು. ಶನಿವಾರ ಕದರಮಂಡಲಗಿಗೆ ಹೋಗಿ ಪೂಜೆ ಮಾಡಿಸಿಯೇ ಎಲ್ಲರೂ ಹರಕೆ ಬಿಡಬೇಕಂತೆ. ಬಿಡುವುದನ್ನು ಬಿಡುವುದಕ್ಕೂ ಮುಹೂರ್ತ.

ಮಾರ್ಚ್ 5, ಬುಧವಾರ

ನೋವು ಇಲ್ಲದವಳಂತೆ ಇರುವುದು ನೋವಿಗಿಂತ ಕಷ್ಟದ ಉದ್ಯೋಗ. ಹುಬ್ಬು ಗಂಟಿಕ್ಕುವ ಹಾಗಿಲ್ಲ, ಬೇಗ ಮಲಗುವ ಹಾಗಿಲ್ಲ, ಗುಳಿಗೆಯನ್ನು ಬಚ್ಚಲಲ್ಲಿ ನುಂಗಬೇಕು. ಮಿಕ್ಸಿ ಅಟ್ಟದಿಂದ ಇಳಿದಿದೆ. ಟಿ.ವಿ. ತನ್ನ ಟವೆಲ್ಲು ಕಳಚಿ ಇಡೀ ದಿನ ಕೂಗುತ್ತದೆ.

ಅವ್ವ ಹಾಡುತ್ತ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಾಳೆ. ಅವಳು ಹಾಡುತ್ತಾಳೆ ಎಂಬುದೇ ನನಗೆ ಮರೆತಿತ್ತು.

ಮಾರ್ಚ್ 8, ಶನಿವಾರ

ಬರೆದುಬಿಡುತ್ತೇನೆ.

ಬೆಳಿಗ್ಗೆ ಕದರಮಂಡಲಗಿಯಲ್ಲಿ ಪೂಜೆ ಆಯಿತು. ಅವ್ವ ಕಣ್ಣು ಮುಚ್ಚಿ ನಿಂತಿದ್ದಳು. ನಾನು ದೇವರ ಮುಖ ನೋಡಲಿಲ್ಲ. ಮೊದಲೇ ಸಂಕೋಚದ ಸ್ವಭಾವ. ಗುಡಿಯ ಗಂಟೆಯೊಂದಿಗೆ ಶುರುವಾದ ನೋವು ಮನೆಗೆ ಬರುವಷ್ಟರಲ್ಲಿ ಹಲ್ಲಿನ ತನಕ ಇಳಿದಿತ್ತು. ಇಂಥದ್ದು ಆಸ್ಪತ್ರೆಯಲ್ಲೂ ಬಂದಿರಲಿಲ್ಲ.

ಮಧ್ಯಾಹ್ನ ಪಡಸಾಲೆಯಲ್ಲಿ ಸಾಲಾಗಿ ಕೂತೆವು. ಜಯವ್ವ ಅತ್ತೆ, ಶಂಭು, ಅಪ್ಪ, ನಾನು. ನನ್ನೆದುರಿಗೆ ಅವ್ವ. ಅವಳ ತಾಟಿನಲ್ಲಿ ರೊಟ್ಟಿ, ಬೆಣ್ಣೆ, ಅಂಗೈಯಗಲ ಕೆಂಪು ಚಟ್ನಿ. ಅಪ್ಪನಿಗೆ ಊಟದ ತನಕ ತಡೆಯಲಾಗದೆ ಎಲೆ ಅಡಿಕೆ ಆಗಲೇ ದವಡೆಯಲ್ಲಿತ್ತು. ಅತ್ತೆ ನನ್ನ ಬಲಗಡೆಯಿಂದ, ತಲೆಯ ಆಪರೇಶನ್ ಆಗಿ ಬದುಕಿದ ಒಬ್ಬಳ ಕಥೆಯನ್ನು ಮೊದಲ ಬಾರಿಗೆ ಹೇಳುತ್ತಿದ್ದಳು.

ಅವ್ವ ರೊಟ್ಟಿ ಮುರಿದು ಚಟ್ನಿಗೆ ಹಚ್ಚಿ, ಬಾಯಿಗೆ ಇಡುವ ಮುಂಚೆ ನನ್ನನ್ನು ನೋಡಿದಳು. ನಕ್ಕಳು.

"ಅವ್ವಾ, ತಲಿ ನೋಯಾಕತ್ತೈತಿ" ಎಂದೆ.

ಶಂಭು ತಾಟಿನಿಂದ ತಲೆ ಎತ್ತಿದ.

"ಹೋಗಿದ್ದಿಲ್ಲ. ಸುಳ್ಳ ಹೇಳಿದ್ದೆ."

"ಅಯ್ಯ ಶಿವನ! ಶಾರದಾ, ಕೈ ತೊಳಕೋ, ಮುಟ್ಟಬ್ಯಾಡ!" ಎಂದು ಅತ್ತೆ ಅವ್ವನಿಗೆ ಕೂಗಿದಳು. ಅಪ್ಪ ಉಗುಳಬೇಕೋ ನುಂಗಬೇಕೋ ತಿಳಿಯದೆ ಕೆನ್ನೆ ಉಬ್ಬಿಸಿ ಕೂತ.

"ಯಾರೂ ಏನೂ ಉಗುಳಬ್ಯಾಡ್ರಿ" ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು, ಒಂದೇ ಕಿವಿಯಲ್ಲಿ. "ಇದು ಪೂರಾ ಹೋಗೂದು ಅನುಮಾನ ಐತಿ. ಹಾವೇರಿ ಮೇಡಮ್ಮಾರ ಹೇಳ್ಯಾರ. ನನ್ನ ತಲಿ ನಾ ಹೊರತೀನಿ. ನೀವೆಲ್ಲಾ ಅದನ್ನ ನಾಲಿಗಿ ಮ್ಯಾಲ ಇಟ್ಕೊಂಡು ಕುಂತ್ರ ನನಗ ಹೊರಾಕ ಆಗವಲ್ದು. ಅವ್ವಾ, ನೀ ಉಣ್ಣು."

"ಉಂಡ ಮ್ಯಾಲ ಅದು ತಿರುಗಿ ಬಂದ್ರ?" ಅವ್ವನ ಕೈ ತಾಟಿನ ಮೇಲೆಯೇ ಇತ್ತು.

"ಬಂದ್ರ ಹುಬ್ಬಳ್ಳಿಗೆ ಹೋಗೂಣು. ಮೊಸರನ್ನಕ್ಕ ಅಂಜಿ ಗಡ್ಡಿ ದೂರ ನಿಲ್ಲತೈತೇನ ಬೇ?"

ಅವ್ವ ಎದ್ದಳು. ಚಟ್ನಿ ಹಚ್ಚಿದ ತುತ್ತನ್ನು ತಾಟಿನ ಅಂಚಿಗೆ ಇಟ್ಟಳು. ಕೈ ತೊಳೆದುಕೊಂಡು ಒಳಗೆ ಹೋದಳು.

ಶಂಭು ಒಬ್ಬನೇ ಹೊಟ್ಟೆ ತುಂಬ ಉಂಡ. ಅವನ ಹರಕೆಗೆ ಅಡ್ಡಿ ಬರುವಂಥದ್ದು ತಾಟಿನಲ್ಲಿ ಏನೂ ಇರಲಿಲ್ಲ.

ಮಾರ್ಚ್ 9, ಭಾನುವಾರ

ಅವ್ವ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬಿಡಲು ಅದೊಂದೇ ಉಳಿದಿತ್ತು.

ಮಾರ್ಚ್ 11, ಮಂಗಳವಾರ

ಹಾವೇರಿಗೆ ಹೊರಟಾಗ ಅವ್ವ ಸೀರೆ ಬದಲಿಸಿ ಬಂದು ಹಿಂದೆ ನಿಂತಳು. ಬಸ್ಸಿನಲ್ಲಿ ನನ್ನ ಎಡಗಡೆ ಕೂತಳು. ಮೋಟೆಬೆನ್ನೂರು ದಾಟಿದ ಮೇಲೆ ಅವಳ ತುಟಿ ಆಡುತ್ತಿರುವುದು ಕಂಡಿತು. ಕಿಟಕಿಯ ಕಡೆ ನೋಡುತ್ತ ಏನೋ ಹೇಳುತ್ತಲೇ ಇದ್ದಾಳೆ, ಬಹಳ ಹೊತ್ತಿನಿಂದ.

"ಅವ್ವಾ, ಆ ಕಡೆ ಕುಂತ್ರ ನನಗ ಕೇಳಂಗಿಲ್ಲ."

"ಗೊತ್ತೈತಿ. ಅದಕ್ಕ ಕುಂತೀನಿ."

"ಈ ಕಡೆ ಬಾ."

ಓಡುವ ಬಸ್ಸಿನಲ್ಲಿ ಎದ್ದು, ನನ್ನ ಮೊಣಕಾಲು ದಾಟಿ, ಬಲಗಡೆ ಬಂದು ಕೂತಳು. ಸೆರಗು ಸರಿಮಾಡಿಕೊಂಡಳು.

"ನಿನ್ನ ಒಳಗ ಒಯ್ದ್ರಲ್ಲ, ಅವತ್ತ ಡಾಕ್ಟರಿಗೆ ಒಂದು ಕೆಲಸ ಇತ್ತು. ನಿಮ್ಮಪ್ಪಗ ಔಷಧ ತರೂ ಕೆಲಸ ಇತ್ತು. ನನಗ ಏನೂ ಇದ್ದಿಲ್ಲ. ಸುಮ್ನ ಕುಂತಿದ್ದೆ. ನೋವು ಹೋಗಲಾರದಾಗ ಇದೊಂದರ ಮಾಡೂಣು ಅಂತ ಹರಕಿ ಹೊತ್ತೆ."

ಇಂಥ ಹೊತ್ತಿಗೆ ಎಂ.ಎ. ಓದಿದವರಿಗೆ ಏನಾದರೂ ಒಳ್ಳೆಯ ಮಾತು ಹೊಳೆಯಬೇಕು.

"ಮಾಡಿದ್ಯಲ್ಲ ಬೇ. ಸಾಕು" ಎಂದೆ.

"ಸಾಕು ಅನ್ನೂದು ನಿನಗ ಹೆಂಗ ಗೊತ್ತು?"

ಗೊತ್ತಿಲ್ಲ ಎಂದೆ. ಹಾವೇರಿ ಬಂತು. ಯಾರೋ ಇಳಿಯುವಾಗ ಎಲ್ಲಿಗೆ ಶಾರದವ್ವ ಎಂದು ಕೇಳಿದರು. "ಮಗಳ ಕೂಡ ದವಾಖಾನಿಗೆ. ಮಾತಾಡೂ ಡಾಕ್ಟರ್ ಅದಾರಲ್ಲ, ಅವರ ಹಂತ್ಯಾಕ" ಎಂದಳು.

ಬೇನಜೀರ ಮೇಡಂ ಇವತ್ತು ಪ್ರಶ್ನೆಗಳನ್ನೆಲ್ಲ ಅವ್ವನಿಗೇ ಕೇಳಿದರು. ನಾನು ಹೊರಗಿನ ಬಾಕಿನ ಮೇಲೆ ಕೂತು ಚೀಲದಲ್ಲಿದ್ದ ಕಾದಂಬರಿಯನ್ನು ಅರ್ಧ ಮುಗಿಸಿದೆ. ನಾಯಕಿ ಬಹಳ ಅಳುತ್ತಾಳೆ.

ಮಾರ್ಚ್ 17, ಸೋಮವಾರ

ಬೇಗ ಬರೆಯಬೇಕು, ಎಂಟೂವರೆಯ ಬಸ್ಸಿಗೆ ರಾಣೆಬೆನ್ನೂರಿಗೆ ಹೋಗಬೇಕು. ಶುಕ್ರವಾರ ಆ ಹೆರಿಗೆ ರಜೆಯ ಕೆಲಸ ಕೇಳಲು ಹೋದಾಗ ಕಾಲೇಜಿನ ಪ್ರಿನ್ಸಿಪಾಲರು "ಸ್ವಲ್ಪ ಜೋರಾಗಿ ಮಾತಾಡ್ತೀರಲ್ಲ?" ಎಂದು ಕೇಳಿದರು. ಅವರು ಎಡಗಡೆ ಕೂತಿದ್ದರಿಂದ ಎರಡು ಸಲ ಕೇಳಬೇಕಾಯಿತು. ತರಗತಿಯಲ್ಲಿ ಗದ್ದಲ ಮಾಡುವವರನ್ನೆಲ್ಲ ಎಡಗಡೆಯ ಬೆಂಚುಗಳಲ್ಲಿ ಕೂರಿಸುವುದೆಂದು ತೀರ್ಮಾನಿಸಿದ್ದೇನೆ.

ಬೆಳಿಗ್ಗೆ ಒಲೆಯ ಮುಂದೆ ಅವ್ವ ಕೇಳಿದಳು. "ಹೆಂಗೈತಿ ತಲಿ?"

"ಐತಿ."

"ಹೂಂ. ಇರ್ಲಿ" ಎಂದಳು.

ಕಟ್ಟಿಗೆ ಸರಿಸಿದಳು. ಬಿಸಿ ರೊಟ್ಟಿಯೊಂದನ್ನು ನನ್ನ ತಾಟಿಗೆ ಹಾಕಿದಳು, ಇನ್ನೊಂದನ್ನು ತನ್ನದಕ್ಕೆ. ಗಡಿಗೆಯ ಬಾಯಿಯ ಬಟ್ಟೆ ಬಿಚ್ಚಿ ಚಟ್ನಿ ತೆಗೆದಳು. ದೇವರ ಜಗುಲಿಯ ಕಡೆ ಒಮ್ಮೆ ನೋಡಿ, ಯಾರಾದರೂ ಕಸಿದುಕೊಂಡಾರು ಎಂಬಂತೆ ಚಟ್ನಿ ಹಚ್ಚಿದ ತುತ್ತನ್ನು ಬಾಯಿಗೆ ಇಟ್ಟುಕೊಂಡಳು. ಅಗಿದಳು. ಬಿಕ್ಕಳಿಕೆ ಬಂತು. ಕಣ್ಣು, ಮೂಗು ಎಲ್ಲ ಸುರಿಯತೊಡಗಿದವು.

ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಯಾಕ ಅಳಾಕತ್ತೀದಿ?"

"ಎಲ್ಲಿ ಅಳಾಕತ್ತೀನಿ? ಖಾರ ಐತಿ."

"ಬ್ಯಾಡಗಿ ಮಾಲಿಗೆ ಬರೇ ಬಣ್ಣ, ಅಷ್ಟ ಖಾರ ಎಲ್ಲಿ ಬಂತು?"

"ಹೋದ ವರ್ಷದ ಮಾಲು ತಂದು ಹಾಕೀರಿ ಮನಿಗೆ" ಎಂದಳು ಅವ್ವ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ದಲಾಲಿ ಅಂಗಡಿ ಅಂತ ಹೆಸರಿಗೆ. ಮನ್ಯಾಗಿನ ಮಂದಿಗೇ ಮೋಸ."

ಅಪ್ಪ ಚಪ್ಪಲಿ ಹಾಕಿಕೊಂಡು ಪಾನಪಟ್ಟಿ ಅಂಗಡಿಯ ಕಡೆ ಬಿರಬಿರನೆ ನಡೆದ.

ನಾನು ನೀರಿನ ತಂಬಿಗೆ ಮುಂದಿಟ್ಟೆ. ಅವ್ವ ಅದನ್ನು ಪಕ್ಕಕ್ಕೆ ಸರಿಸಿ, ರೊಟ್ಟಿಯ ಇನ್ನೊಂದು ತುತ್ತು ಮುರಿದಳು.